ಹಿಂದಿನ ಕೋಣೆಗೆ ನೆಟ್ ಬರಲಿಲ್ಲ

ಡಬ್ಬಿ ಮಾಯವಾಗಿತ್ತು.

ಪ್ಯಾಸೇಜಿನ ಗೋಡೆಯ ಹಲಗೆ ಬೋಳುಬೋಳಾಗಿ ಕಾಣುತ್ತಿತ್ತು. ನಿನ್ನೆಯವರೆಗೂ ಅದರ ಮೇಲೊಂದು ಬಿಳಿ ವೈಫೈ ಡಬ್ಬಿ ಹಸಿರು ದೀಪ ಮಿಟುಕಿಸುತ್ತ ಕೂತಿತ್ತು. ಈಗ ಡಬ್ಬಿಯೂ ಇಲ್ಲ, ಅದರ ಅಡಾಪ್ಟರೂ ಇಲ್ಲ.

"ಹಾಡಹಗಲೇ ಕಳ್ಳತನ, ಅಕ್ಕಾ!" ಎಂದ ತಮ್ಮ. ಮನೆಯ ಪ್ಲಗ್ಗು, ಬಲ್ಬು, ವೈರುಗಳ ಉಸಾಬರಿಯೆಲ್ಲ ಅವನದೇ. ಹಾಗಾಗಿ ಅವನನ್ನು ಎಲ್ಲರೂ ವೈರು ಎಂದೇ ಕರೆಯುತ್ತಿದ್ದರು.

ಅಕ್ಕ ಇನ್ಸ್‌ಪೆಕ್ಟರ್. ಅಪರೂಪಕ್ಕೆ ರಜೆ ಹಾಕಿ ಅಣ್ಣನ ಮನೆಗೆ ಬಂದಿದ್ದಳು. ಚಪ್ಪಲಿ ಬಿಡುವ ಮೊದಲೇ ಕೇಸು ಕಾಲಿಗೆ ತೊಡರಿಕೊಂಡಿತ್ತು. ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದಳು. ಇವತ್ತು ನಗುವ ಹಾಗಿರಲಿಲ್ಲ.

ಅಣ್ಣ ರೈಲು ನಿಲ್ದಾಣದ ಅನೌನ್ಸರ್. ಊರಿಗೆಲ್ಲ ಅವನ ದನಿ ಗೊತ್ತು, ಮುಖ ಗೊತ್ತಿಲ್ಲ. ಪಾರ್ಶ್ವವಾಯು ಹೊಡೆದು ಮಾತು ಬಿದ್ದುಹೋಯಿತು. ಕೈಕಾಲು ಸರಿಹೋದವು, ನಾಲಿಗೆ ಮಾತ್ರ ಹಟ ಹಿಡಿಯಿತು. ತಿಂಗಳುಗಟ್ಟಲೆ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು, ವಿಡಿಯೋ ಕರೆಯಲ್ಲಿ ಮಾತಿನ ಟೀಚರ್ ಹತ್ತಿರ ಪಾಠ ಹೇಳಿಸಿಕೊಂಡ. ಹೊರಗೆ ಬಂದರೆ ಸ್ಲೇಟು, ಬಳಪ. ಮನೆಯವರ ಎದುರು ಒಂದು ಅಕ್ಷರ ಬಾಯಿಬಿಟ್ಟವನಲ್ಲ.

ಇವತ್ತು ಮಧ್ಯಾಹ್ನ ನಿಲ್ದಾಣದ ಅಧಿಕಾರಿ ವಿಡಿಯೋದಲ್ಲಿ ಅವನ ದನಿ ಪರೀಕ್ಷಿಸುವವರಿದ್ದರು. ಪಾಸಾದರೆ ಹಳೆಯ ಮೈಕು ಅವನದು. ಇಲ್ಲವಾದರೆ ಆ ಕುರ್ಚಿಗೆ ಬೇರೆಯವರು.

"ಹಿಂದಿನ ಕೋಣೆ ಗೋಡೆ ಕೋಟೆ ಗೋಡೆ ಇದ್ದ ಹಾಗಿದೆ. ಮೊಬೈಲ್‌ಗೂ ಸಿಗ್ನಲ್ ಇಲ್ಲ," ಎಂದ ವೈರು. "ಹಾಲ್‌ನಲ್ಲಿರೋ ದೊಡ್ಡ ಡಬ್ಬಿಯಿಂದ ನೆಟ್ ಹಿಡಿದು ಈ ಡಬ್ಬಿ ಒಳಗೆ ದಾಟಿಸ್ತಿತ್ತು. ಅಂಗಡಿಗೂ ಓಡಿಹೋಗಿ ಕೇಳಿದೆ. ನಾಳೆ ತರಿಸಿಕೊಡ್ತಾರಂತೆ."

"ಇವತ್ತು ಹಾಲ್‌ನಲ್ಲೇ ಕೂತು ಮಾತಾಡಲಿ."

"ಹೇಳಿದೆ. ಸ್ಲೇಟಲ್ಲಿ 'ಪರೀಕ್ಷೆ ಬೇಡ' ಅಂತ ಬರೆದು ಬಾಗಿಲು ಹಾಕ್ಕೊಂಡ."

ಇನ್ಸ್‌ಪೆಕ್ಟರ್ ಹಲಗೆಯ ಮೇಲೆ ಬೆರಳಾಡಿಸಿದಳು. ಒಂದು ಚೂರೂ ಧೂಳು ಹತ್ತಲಿಲ್ಲ. ಡಬ್ಬಿ ಇದ್ದ ಗುರುತೂ ಉಳಿಯದ ಹಾಗೆ ಯಾರೋ ಒರೆಸಿದ್ದರು.

"ಎಷ್ಟು ಅಚ್ಚುಕಟ್ಟು ಕಳ್ಳ ನೋಡು," ಎಂದಳು.

* * *

ಅಡುಗೆಮನೆಯಿಂದ ಕುಟ್ಟುವ ಸದ್ದು ಬರುತ್ತಿತ್ತು. ಅತ್ತಿಗೆ ಕುಟ್ಟಾಣಿಯಲ್ಲಿ ಮೆಣಸು ಕುಟ್ಟುತ್ತಿದ್ದಳು. ಪಕ್ಕದಲ್ಲೇ ಮಿಕ್ಸಿ ಕೆಲಸವಿಲ್ಲದ ಗುಮಾಸ್ತನ ಹಾಗೆ ಸುಮ್ಮನೆ ಕೂತಿತ್ತು.

"ಮಿಕ್ಸಿ ಕೆಟ್ಟಿದೆಯಾ ಅತ್ತಿಗೆ?"

"ಇಲ್ಲಮ್ಮ. ಅದರ ಸದ್ದಿಗೆ ಇವರಿಗೆ ತೊಂದರೆ ಆಗುತ್ತೆ ಅಂತ."

ಕುಟ್ಟಾಣಿಯ ಸದ್ದೇನು ಕಡಿಮೆಯೇ? ಇನ್ಸ್‌ಪೆಕ್ಟರ್ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಅತ್ತಿಗೆಯ ಕಣ್ಣು ಊದಿಕೊಂಡಿತ್ತು.

"ಬೆಳಗ್ಗೆ ಮನೆಗೆ ಯಾರಾದ್ರೂ ಬಂದಿದ್ರಾ?"

"ಮಹಡಿ ಮೇಷ್ಟ್ರು. ಪೇಪರ್ ವಾಪಸ್ ಕೊಡೋಕೆ."

ವೈರು ಪುಟಿದೆದ್ದ. "ನಾನು ಹೇಳಲಿಲ್ವಾ! ಆಯಪ್ಪ ನಮ್ಮ ಪಾಸ್‌ವರ್ಡ್ ಕೇಳಿ ಕೇಳಿ ತಲೆ ತಿಂದಿದ್ದ."

* * *

ಮೇಷ್ಟ್ರು ಬನಿಯನ್‌ನಲ್ಲೇ ಬಾಗಿಲು ತೆರೆದರು. ವಿಷಯ ಕೇಳಿ ಅವರ ಮೀಸೆ ಕುಣಿಯಿತು.

"ನಾನು ಕದಿಯೋದಾ? ನಿಮ್ಮ ನೆಟ್‌ನಲ್ಲಿ ಒಂದು ಫೋಟೋ ತೆರೆಯೋಷ್ಟರಲ್ಲಿ ಟೀ ತಣ್ಣಗಾಗ್ತಿತ್ತು. ಅದಕ್ಕೇ ಹೋದ ವಾರ ನನ್ನದೇ ಕನೆಕ್ಷನ್ ಹಾಕಿಸಿಕೊಂಡೆ. ನೋಡಿ ಬೇಕಾದ್ರೆ."

ಗೋಡೆಯ ಮೇಲೆ ಹೊಚ್ಚ ಹೊಸ ಡಬ್ಬಿ ಮಿನುಗುತ್ತಿತ್ತು. ವೈರುವಿನ ಮುಖ ಸಪ್ಪಗಾಯಿತು.

ಇಳಿಯುವಾಗ ಮೆಟ್ಟಿಲ ಮೇಲೆ ಇನ್ಸ್‌ಪೆಕ್ಟರ್ ಗಕ್ಕನೆ ನಿಂತಳು. "ಲೋ, ಮನೇಲಿ ಯಾವ ಡಬ್ಬಿ ಉಸಿರಾಡ್ತಿದೆ, ಯಾವುದು ಸತ್ತಿದೆ ಅಂತ ನಿನ್ನ ಫೋನಲ್ಲಿ ಕಾಣಲ್ವಾ?"

"ಕಾಣುತ್ತೆ."

"ನೋಡಿದ್ಯಾ?"

ವೈರು ತಲೆ ಕೆರೆದುಕೊಂಡ. ಕಳ್ಳನನ್ನು ಹಿಡಿಯುವ ಹುಮ್ಮಸ್ಸಿನಲ್ಲಿ ಕದ್ದ ಮಾಲನ್ನೇ ಮರೆತಿದ್ದ. ಫೋನ್ ತೆರೆದವನ ಕಣ್ಣು ಅಗಲವಾಯಿತು.

"ಅಕ್ಕಾ, ಎರಡನೇ ಡಬ್ಬಿ ಆನ್ ಇದೆ!"

ಇನ್ಸ್‌ಪೆಕ್ಟರ್ ಮೊದಲ ಬಾರಿಗೆ ನಕ್ಕಳು. "ಅಂದ್ರೆ ಅದು ಯಾರ ಚೀಲದಲ್ಲೂ ಇಲ್ಲ. ಈ ಮನೇಲೇ, ಯಾವುದೋ ಪ್ಲಗ್ಗಿನಲ್ಲಿ ಹಾಯಾಗಿದೆ. ನಡಿ, ಅದರ ಸಿಗ್ನಲ್ ಎಲ್ಲಿ ಜೋರಾಗುತ್ತೆ ನೋಡೋಣ."

ಇಬ್ಬರೂ ಫೋನ್ ಮುಂದೆ ಹಿಡಿದು ಮನೆಯೆಲ್ಲ ಸುತ್ತಿದರು. ಪ್ಯಾಸೇಜಿನಲ್ಲಿ ಕ್ಷೀಣ. ಹಿಂದಿನ ಕೋಣೆಯ ಬಾಗಿಲಲ್ಲಿ ಸೊನ್ನೆ. ಹಾಲ್‌ನಲ್ಲಿ ಸುಮಾರು. ಅಡುಗೆಮನೆಯ ಹೊಸ್ತಿಲಲ್ಲಿ ಭರ್ತಿ.

ಒಳಗೆ ಕುಟ್ಟುವ ಸದ್ದು ನಿಂತಿತ್ತು.

* * *

ಮಿಕ್ಸಿಯ ಪ್ಲಗ್ಗಿನಿಂದ ಸಣ್ಣ ಕಪ್ಪು ವೈರೊಂದು ಹೊರಟು ಶೆಲ್ಫಿನ ಮೇಲಕ್ಕೆ ಹತ್ತಿತ್ತು. ಅಲ್ಲಿ ತೆಳ್ಳನೆಯ ಕರವಸ್ತ್ರವೊಂದು ಉಬ್ಬಿ ನಿಂತಿತ್ತು. ಇನ್ಸ್‌ಪೆಕ್ಟರ್ ಅದನ್ನು ಎತ್ತಿದಳು. ಹಸಿರು ದೀಪ ಮಿಟುಕಿಸಿತು.

"ಅತ್ತಿಗೇ, ನೀವಾ?" ವೈರು ಫೋನ್ ಕೆಳಗಿಳಿಸಿದ.

ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಾನೇ ಹೇಳ್ತೀನಿ, ತಪ್ಪಿದ್ರೆ ತಿದ್ದಿ," ಎಂದಳು ಇನ್ಸ್‌ಪೆಕ್ಟರ್, ಠಾಣೆಯಲ್ಲಿ ಎಂದೂ ಬಳಸದ ಮೆತ್ತನೆಯ ದನಿಯಲ್ಲಿ. "ಖಾಲಿಯಾದ ಜಾಗವನ್ನ ಒರೆಸದೆ ಬಿಡೋದು ನಿಮ್ಮ ಕೈಲಿ ಆಗಲ್ಲ. ಅಲ್ಲಿಂದ ಅನುಮಾನ ಶುರುವಾಯ್ತು. ಮಿಕ್ಸಿ ಬಿಟ್ಟು ಕುಟ್ಟಾಣಿ ಹಿಡಿದಿದ್ರಿ, ಯಾಕಂದ್ರೆ ಇಲ್ಲಿರೋದು ಒಂದೇ ಪ್ಲಗ್ಗು. ನೆಟ್ ಕೆಡಿಸೋದೇ ಉದ್ದೇಶ ಆಗಿದ್ರೆ ಡಬ್ಬೀನ ಹಿಟ್ಟಿನ ಡ್ರಮ್ಮಿಗೆ ಹಾಕಿ ಮುಚ್ಚಬಹುದಿತ್ತು. ನೀವು ಹಾಗೆ ಮಾಡಲಿಲ್ಲ. ಸ್ಟೀಲ್ ಪಾತ್ರೆ ಅಡ್ಡ ಇರದ ಹಾಗೆ, ಎತ್ತರದಲ್ಲಿ ಇಟ್ಟಿದ್ದೀರಿ."

"ಹಾಗೇ ಇಡಬೇಕು ಅಂತ ಫಿಟ್ ಮಾಡೋವಾಗ ನಾನೇ ಹೇಳಿದ್ದೆ," ಎಂದು ಗೊಣಗಿದ ವೈರು.

"ಅಂದ್ರೆ ಈ ಕಳ್ಳನಿಗೆ ನೆಟ್ ಸಾಯೋದು ಬೇಕಿರಲಿಲ್ಲ. ಅದು ಅಡುಗೆಮನೆಗೆ ಬರಬೇಕಿತ್ತು." ಅವಳು ಮೇಜಿನ ಕಡೆ ಕೈ ತೋರಿಸಿದಳು. ಯಾವಾಗಲೂ ತರಕಾರಿ ಬುಟ್ಟಿ, ಡಬ್ಬಗಳಿಂದ ತುಂಬಿ ತುಳುಕುವ ಮೇಜು ಖಾಲಿಯಾಗಿತ್ತು. ಕುರ್ಚಿಯ ಮೇಲೆ ಅಣ್ಣನ ಬೆನ್ನಿಗೆ ಒರಗುವ ದಿಂಬು. "ನೆಟ್ ಜೊತೆ ಅಣ್ಣನೂ ಬರಬೇಕಿತ್ತು. ಅಲ್ವಾ?"

ಅತ್ತಿಗೆಯ ಕಟ್ಟೆ ಒಡೆಯಿತು.

"ಇವರ ಮುಖ ನೋಡೋಕೆ ಮುಂಚೆ ನಾನು ಇವರ ದನಿ ಕೇಳಿದ್ದೆ ಕಣೆ. ದಿನಾ ಪ್ಲಾಟ್‌ಫಾರಂ ಮೇಲೆ. ಈಗ ಟೀಚರ್ ಕೇಳ್ತಾರೆ, ಆಫೀಸರ್ ಕೇಳ್ತಾರೆ. ನನಗೆ ಮಾತ್ರ ಸ್ಲೇಟು. ಹಿಂದಿನ ಕೋಣೇಲಿ ನೆಟ್ ಇಲ್ಲ ಅಂದ್ರೆ, ಜನ ಓಡಾಡೋ ಹಾಲ್‌ನಲ್ಲಂತೂ ಕೂರಲ್ಲ, ಇಲ್ಲಿಗೆ ಬಂದು ಕೂರ್ತಾರೆ, ನಾನು ಒಲೆ ಮುಂದೆ ನಿಂತು ಕೇಳಿಸ್ಕೋತೀನಿ ಅಂದ್ಕೊಂಡೆ. ಪರೀಕ್ಷೆನೇ ಬೇಡ ಅಂದುಬಿಟ್ರು. ಆಮೇಲೆ ಹೇಳೋಕೆ ಬಾಯೇ ಬರಲಿಲ್ಲ. ಅವರ ಕೆಲಸಕ್ಕೆ ನಾನೇ ಕಲ್ಲು ಹಾಕಿದೆ."

"ಇನ್ನೂ ಹೊತ್ತಿದೆ ಅತ್ತಿಗೆ," ಎನ್ನುತ್ತ ವೈರು ಡಬ್ಬಿಗೆ ಕೈ ಹಾಕಿದ. "ಈಗಲೇ ಹಲಗೆ ಮೇಲೆ ಇಟ್ಟುಬರ್ತೀನಿ."

ಹಿಂದಿನಿಂದ ಯಾರೋ ಅವನ ಭುಜ ಹಿಡಿದರು.

ಅಣ್ಣ ನಿಂತಿದ್ದ. ಯಾವಾಗ ಬಂದನೋ, ಎಷ್ಟು ಕೇಳಿದನೋ. ಅವನು ಯಾರನ್ನೂ ನೋಡಲಿಲ್ಲ. ಮೇಜಿನ ಹತ್ತಿರ ಹೋಗಿ ದಿಂಬು ಸರಿಮಾಡಿ ಕೂತ. ಲ್ಯಾಪ್‌ಟಾಪ್ ತೆರೆದ.

* * *

ಕರೆ ಒಂದೇ ಸಲಕ್ಕೆ ಸಿಕ್ಕಿತು. ಪರದೆಯಲ್ಲಿ ಟೀಚರ್, ಪಕ್ಕದ ಚೌಕದಲ್ಲಿ ಕನ್ನಡಕದ ಅಧಿಕಾರಿ.

"ಯಾವುದಾದ್ರೂ ಒಂದು ಪ್ರಕಟಣೆ ಹೇಳಿ," ಎಂದರು ಅಧಿಕಾರಿ. "ನಿಮಗೆ ತೋಚಿದ್ದು."

ಅಣ್ಣ ಉಸಿರೆಳೆದುಕೊಂಡ. ಅತ್ತಿಗೆ ಒಲೆಯ ಕಡೆ ಮುಖ ಮಾಡಿ ಸೌಟು ಹಿಡಿದು ನಿಂತಿದ್ದಳು. ಒಲೆಯೇ ಹಚ್ಚಿರಲಿಲ್ಲ. ಕಳ್ಳರ ಬೆನ್ನಟ್ಟುವಾಗಲೂ ನಡುಗದ ಇನ್ಸ್‌ಪೆಕ್ಟರ್ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಪ್ರಯಾಣಿಕರ... ಗಮನಕ್ಕೆ."

ದನಿ ಸ್ವಲ್ಪ ಒರಟಾಗಿತ್ತು, ನಿಧಾನವಾಗಿತ್ತು. ಆದರೂ ಅದೇ ದನಿ.

"ಹಿಂದಿನ ಕೋಣೆಯಿಂದ... ಅಡುಗೆಮನೆಗೆ ಬರಬೇಕಾಗಿದ್ದ ಗಾಡಿ... ಬಹಳ ತಡವಾಗಿ ಬಂದು ನಿಂತಿದೆ. ತಡವಾದದ್ದಕ್ಕೆ... ವಿಷಾದಿಸುತ್ತೇವೆ."

ಸೌಟು ಠಣ್ಣೆಂದು ನೆಲಕ್ಕೆ ಬಿತ್ತು.

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ಈ ಗಾಡಿ ನಮ್ಮ ವೇಳಾಪಟ್ಟಿಯಲ್ಲಿ ಇಲ್ಲವಲ್ರೀ," ಎಂದರು. "ಪರವಾಗಿಲ್ಲ. ಸೋಮವಾರ ಬೆಳಗಿನ ಪಾಳಿಗೆ ಬನ್ನಿ. ಅನೌನ್ಸರ್ ತಡವಾಗಿ ಬರೋ ಹಾಗಿಲ್ಲ ಮತ್ತೆ."

ಕರೆ ಮುಗಿಯಿತು. ಅತ್ತಿಗೆ ಕಣ್ಣೊರೆಸಿಕೊಂಡು ಕರವಸ್ತ್ರ ಮಡಿಸಿದಳು. "ವೈರು, ಡಬ್ಬಿ ತಗೊಂಡು ಹೋಗಿ ಹಲಗೆ ಮೇಲೆ ಇಡಪ್ಪ."

ಅಣ್ಣನ ಕೈ ರೂಢಿಯಂತೆ ಸ್ಲೇಟು ಹುಡುಕಿತು. ಅದು ಹಿಂದಿನ ಕೋಣೆಯಲ್ಲೇ ಉಳಿದಿತ್ತು. ಅವನು ಹೆಂಡತಿಯ ಮುಖ ನೋಡಿದ.

"ಬೇಡ," ಎಂದ. "ಇಲ್ಲೇ... ಇರಲಿ."

"ಮತ್ತೆ ನನ್ನ ಮಿಕ್ಸಿ?"

"ಇನ್ನೊಂದು ಪ್ಲಗ್ಗು ಹಾಕ್ಕೊಡ್ತೀನಿ ಅತ್ತಿಗೆ," ಎಂದು ವೈರು ಸ್ಕ್ರೂಡ್ರೈವರ್ ತರಲು ಓಡಿದ.