ಪ್ಲೇಗಿನ ಕಾಲದ ಹುಡುಗಿ

ಕಾದಂಬರಿಗೆ ಪ್ಲೇಗಿನ ಕಾಲವನ್ನು ಆರಿಸಿಕೊಂಡವಳು ನಾನೇ. ಜ್ವರ ಬಂದ ಹುಡುಗಿಯೊಬ್ಬಳನ್ನು ಮನೆಯಲ್ಲೇ ಬಿಟ್ಟು, ಬಾಗಿಲಿಗೆ ಹಸಿ ಜಾಲಿಮುಳ್ಳು ಕಟ್ಟಿ, ಊರಿನವರೆಲ್ಲ ಹೊಲದ ಗುಡಿಸಲುಗಳಿಗೆ ಹೋಗುತ್ತಾರೆ ಎಂದು ಬರೆದೆ.

ಮರುದಿನವೇ ಮೊಮ್ಮಗಳು ರಶ್ಮಿತಾಳ ಮೈ ಕೆಂಡವಾಯಿತು. ಮೊಳಕಾಲ್ಮುರಿನ ಆ ಸುಡುಬಿಸಿಲಲ್ಲೂ ನಮ್ಮ ಮಗ್ಗದ ಗುಂಡಿಯಿಂದ ತಣ್ಣನೆಯ ಗಾಳಿ ಏಳುತ್ತಿತ್ತು. ಒಲೆ ಹಚ್ಚದಿದ್ದರೂ ಬೇವಿನ ಹೊಗೆಯ ವಾಸನೆ.

"ಅಜ್ಜಿ, ನನ್ನೊಬ್ಳನ್ನೇ ಬಿಟ್ಟು ಎಲ್ರೂ ಯಾಕ್ ಹೋದ್ರು?" ಎಂದಿತು ಮಗು, ನನ್ನ ತೊಡೆಯ ಮೇಲೆ ಮಲಗಿಕೊಂಡೇ.

"ನಿಮಗೆ ಬರಿಯಾಕೆ ಬ್ಯಾರೆ ಕಾಲಾನೇ ಸಿಗ್ಲಿಲ್ವಾ ಅತ್ತೆ? ಪಾಳೇಗಾರ್ರದ್ದು ಬರೀಬೇಕಿತ್ತು!" ಸೊಸೆ ಆಶಾ ಅಳುತ್ತಲೇ ರೇಗಿದಳು.

ಬರೆದದ್ದನ್ನೆಲ್ಲ ಸುಟ್ಟೆ. ಜ್ವರ ಇಳಿಯಲಿಲ್ಲ. ಆಸ್ಪತ್ರೆಗೆ ಹೋಗಲು ಆಟೊ ಕರೆಸಿ, ಮಗುವನ್ನೆತ್ತಿಕೊಂಡು ಬಾಗಿಲಿನ ಅಗುಳಿ ತೆಗೆದೆ.

ಆಚೆ ನಿಂತಿದ್ದ ಆಟೊ ಓಬಳೇಶ ಕೂಗಿದ: "ಅಜ್ಜೀ, ಒಳಗೆ ಜನ ಇರೋವಾಗ್ಲೇ ಬಾಗ್ಲಿಗೆ ಜಾಲಿಮುಳ್ಳು ಯಾರು ಕಟ್ಟಿದ್ದು? ಇನ್ನೂ ಹಸಿ ಐತೆ!"