ಶಹಾತಾ ಮಾವನ ಒಂದು ನಿಮಿಷ

ಮೂವತ್ತು ಗಂಟೆಯಿಂದ ಡ್ಯೂಟಿಯಲ್ಲಿದ್ದ ದಾಲಿಯಾ ಬಿಡುವು ಮಾಡಿಕೊಂಡು ತರಬೇತಿ ಕೋಣೆಗೆ ಬಂದಾಗ ಅಲೆಕ್ಸಾಂಡ್ರಿಯಾದಲ್ಲಿ ಮಟಮಟ ಮಧ್ಯಾಹ್ನ. ಟೇಬಲ್ ಮೇಲೆ ಶಹಾತಾ ಮಾವ ಮಲಗಿದ್ದ. ರಬ್ಬರಿನ ಮೈ, ಕೊಳವೆಗಳಲ್ಲಿ ಕೆಂಪು ನೀರು, ಬಾಯೊಳಗೊಂದು ಸ್ಪೀಕರ್. ಸರ್ಜರಿ ಕಲಿಯುವವರೆಲ್ಲ ಮೊದಲು ಕೊಯ್ಯುವುದು ಅವನ ಹೊಟ್ಟೆಯನ್ನೇ.

"ಊಟ ಆಯ್ತಾ ಡಾಕ್ಟ್ರೇ?" ಶಹಾತಾ ಮಾವ ಕೇಳಿದ.

"ಸಾಯೋಕೆ ಬಿದ್ದಿರೋ ರೋಗಿಗೆ ನನ್ನ ಊಟದ ಚಿಂತೆ ಯಾಕೆ?"

"ನೀವು ಬಿದ್ರೆ ನನ್ನ ಹೊಟ್ಟೆ ಹೊಲಿಯೋರ್ಯಾರು?"

ದನಿ, ಗಾಜಿನ ಹಿಂದೆ ಕೂತ ಟೆಕ್ನಿಷಿಯನ್ ಹಾಜಿಮನದು. ರೋಗಿಯ ಮಾತು, ನಾಡಿ, ಬೀಪಿ ಎಲ್ಲ ಅವನ ಕೈಯಲ್ಲಿ. ಅವನಿಗೆ ಅವಳು ಕಾಣುತ್ತಿದ್ದಳು. ಅವಳಿಗೆ ಗಾಜಿನಲ್ಲಿ ತನ್ನ ಮುಖವೇ. ಆದರೂ ಆರು ತಿಂಗಳಿಂದ ಅವಳು ಆ ಗಾಜು ನೋಡಿ ನಗುತ್ತಿದ್ದಳು. ಇವತ್ತು ನಗಲಿಲ್ಲ.

"ಈಚೆ ಬಾ ಹಾಜಿಮ್."

ಅವನು ಬಂದು ನಿಂತ.

"ನಿನ್ನೆ ಆಪರೇಷನ್ ಥಿಯೇಟರ್‌ನಲ್ಲಿ ಸರ್ ರಕ್ತ ನಿಲ್ಸೋಕೆ ನನ್ನ ಕೈಗೆ ಕ್ಲ್ಯಾಂಪ್ ಕೊಟ್ರು. ರೋಗಿಗೆ ಹೊಟ್ಟೆಯೊಳಗೆಲ್ಲ ರಕ್ತ. ಇನ್ನೂ ಒಂದು ನಿಮಿಷ ಇದೆ ಅಂದ್ಕೊಂಡೆ. ಇರ್ಲಿಲ್ಲ. ಸರ್ ಕಿತ್ಕೊಂಡು ಹಾಕಿದ್ದಕ್ಕೆ ಬದುಕ್ದ." ಅವಳು ಗೋಡೆಗೊರಗಿದಳು. "ಎಲ್ಲರ ಕೈಯಲ್ಲೂ ದಿನಾ ಸಾಯೋ ಶಹಾತಾ ಮಾವ ನನ್ನ ಕೈಯಲ್ಲಿ ಒಂದ್ಸಲಾನೂ ಸತ್ತಿಲ್ಲ. ಯಾಕೆ?"

ಹಾಜಿಮ್ ತಲೆ ತಗ್ಗಿಸಿದ. "ನಿದ್ದೆಗೆಟ್ಟು ನಿಂತಲ್ಲೇ ತೂಗಾಡ್ತಿದ್ರಿ. ನಿಮ್ಮ ಸೋತ ಮುಖ ನೋಡೋಕಾಗ್ಲಿಲ್ಲ. ಬೀಪಿ ಬೀಳೋವಾಗ ತಡೆದು ಹಿಡೀತಿದ್ದೆ."

"ಎಷ್ಟೊತ್ತು?"

"ಒಂದು ನಿಮಿಷ."

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ಅಕ್ಕರೆಯಿಂದ ಅವಳನ್ನು ಯಾರೂ ನೋಡಿಕೊಂಡಿರಲಿಲ್ಲ. ಆ ಅಕ್ಕರೆಯೇ ನಿನ್ನೆ ಒಂದು ಜೀವ ತೆಗೆಯುವುದರಲ್ಲಿತ್ತು. ಗುರುವಾರ ಪರೀಕ್ಷೆ; ಅಂದು ಗಾಜಿನ ಹಿಂದೆ ಬೇರೆಯವರು ಕೂರುತ್ತಾರೆ. ಫೇಲಾದರೆ ಇನ್ನೊಂದು ವರ್ಷ ಅವಳು ಆಪರೇಷನ್ ಚಾಕು ಮುಟ್ಟುವಂತಿಲ್ಲ.

"ಹೋಗಿ ಕೂತ್ಕೋ. ತಡ ಮಾಡಿದ್ರೆ ಸಾಯಿಸು."

"ಡಾಕ್ಟ್ರೇ..."

"ನನ್ನ ಮೇಲೆ ಪ್ರೀತಿ ಇದ್ರೆ ಸಾಯಿಸು."

ಶಹಾತಾ ಮಾವ ಸತ್ತ. ಕೊಳವೆ ತುಂಬಿ ಮತ್ತೆ ಮಲಗಿಸಿದರು, ಮತ್ತೆ ಸತ್ತ. ಮೂರನೇ ಸಲ, ಏಳು ಸೆಕೆಂಡ್ ಉಳಿದಿರುವಾಗ ಅವಳ ಕ್ಲ್ಯಾಂಪ್ ಕಚ್ಚಿತು. ರಕ್ತ ನಿಂತಿತು.

ಅವಳು ಹೋಗಿ ಗಾಜಿನ ಹಿಂದಿನ ಬಾಗಿಲು ತೆಗೆದಳು. ಹಾಜಿಮ್ ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತಿದ್ದ. ಕಣ್ಣು ಒದ್ದೆಯಾಗಿತ್ತು.

"ಏನೂ ಮುಟ್ಲಿಲ್ಲ," ಅಂದ.

"ಗೊತ್ತು. ಶುಕ್ರವಾರ ಮನೆಗೆ ಬಾ. ಅಪ್ಪ ಇರ್ತಾರೆ."

ಹೆಣ್ಣು ಕೇಳಲು ಕರೆಯುತ್ತಿದ್ದಾಳೆಂದು ಅವನಿಗೆ ಹೊಳೆಯಿತು. "ಗುರುವಾರ ಫೇಲಾದ್ರೆ?"

"ಆದ್ರೂ ಬಾ. ಬಸ್ಬೂಸಾ ಒಂದು ಕಿಲೋ ಜಾಸ್ತಿ ತಾ, ಅಳೋವಾಗ ಸಿಹಿ ಬೇಕು."

ಅವನ ಪಕ್ಕದ ಕುರ್ಚಿಯಲ್ಲಿ ಕುಸಿದು ಅವಳು ಮೇಜಿನ ಮೇಲೆ ತಲೆಯಿಟ್ಟಳು. "ಹತ್ತು ನಿಮಿಷ ಮಲಗ್ತೀನಿ. ವಾರ್ಡ್‌ನಲ್ಲಿ ಕಾಯ್ತಿದಾರೆ. ಹನ್ನೊಂದು ಕೊಡ್ಬೇಡ."

ಹಾಜಿಮ್ ಗಡಿಯಾರ ನೋಡುತ್ತ ಕೂತ. ಸರಿಯಾಗಿ ಹತ್ತನೇ ನಿಮಿಷಕ್ಕೆ, ಮನಸ್ಸಿಲ್ಲದ ಮನಸ್ಸಿನಿಂದ, ಅವಳನ್ನು ಎಬ್ಬಿಸಿದ.