ಬೆಟಗೇರಿಯ ಫಿನ್ನಿಷ್ ಜಗಳ

ಕಸ್ತೂರಿ ಬಾಯಿ ತೆರೆದಳು, ಕನ್ನಡ ಹೊರಡಲಿಲ್ಲ.

ಹೊಸ ಗಾದಿಯ ಹೊಟ್ಟೆಗೆ ಹಳೆಯ ಹತ್ತಿ ತುಂಬಿದ ಗಂಡನಿಗೆ ಹೇಳಬೇಕಾದ ಮಾತು ಅವಳ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು. ಅದು ಹತ್ತಿಯಿಂದ ಶುರುವಾಗಿ, ಅವನ ಅಣ್ಣತಮ್ಮಂದಿರನ್ನು ಹಾದು, ಎಂದೋ ತೀರಿಹೋದ ಅವನ ಸೋದರಮಾವನವರೆಗೆ ಹೋಗಿ ಬರತಕ್ಕ ಮಾತು. ಅಷ್ಟರಲ್ಲಿ ಅವಳ ಬಲಗಿವಿಯ ಹಿಂದೆ ಅಂಟಿಸಿದ್ದ, ಹುಣಸೆಬೀಜದಷ್ಟು ಗಾತ್ರದ ಯಂತ್ರ ಬೆಚ್ಚಗಾಯಿತು. ಮಾತು ಅಲ್ಲೇ ನಿಂತಿತು. ಎರಡು ಸಲ ಬಾಯಿ ತೆರೆದು ಮುಚ್ಚಿದ ಕಸ್ತೂರಿ ಕೊನೆಗೆ ಹತ್ತಿ ಬಡಿಯುವ ಕೋಲನ್ನು ಗಂಡನತ್ತ ಚಾಚಿ ಗುಡುಗಿದಳು:

"ಸಿನ್ಯಾ... ಸಿನ್ಯಾ ಓಲೆತ್... ಕಲ!"

ಫಿನ್ನಿಷ್ ಭಾಷೆಯಲ್ಲಿ ಹಾಗೆಂದರೆ "ನೀನು ಮೀನು" ಎಂದರ್ಥ.

ಗಂಡ ಗುರುಸಿದ್ದನ ಕಿವಿಯ ಹಿಂದಿನ ಯಂತ್ರವೂ ಕಾದಿತ್ತು. ಅವನು ಅಂಗಡಿಯ ಮಾಡನ್ನು ನೋಡುತ್ತ, ಮೌಖಿಕ ಪರೀಕ್ಷೆಗೆ ನಿಂತವನಂತೆ ಬೆವರುತ್ತ, "ಎನ್ ಓಲೆ" ಎಂದ. "ನಾನಲ್ಲ" ಎಂದು ಅದರ ಅರ್ಥ. ಅಲ್ಲಿಗೆ ಇಬ್ಬರ ಶಬ್ದಭಂಡಾರವೂ ಬರಿದಾಯಿತು. ಜಗಳ ಮುಗಿಯಿತು.

ಎದುರಿನ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದ ತಂಗೆವ್ವ ಕೈ ನಿಲ್ಲಿಸಿದಳು. "ಇಷ್ಟನ? ಮುಗದ ಹೋತ?"

ಗಾದಿ ಓಣಿಗೆ ಅದು ದೊಡ್ಡ ಪೆಟ್ಟು. ಹನ್ನೊಂದು ವರ್ಷಗಳಿಂದ ಆ ಓಣಿಯ ಜನ ಸಂಜೆಯ ಮನರಂಜನೆಗೆ ಬೇರೇನನ್ನೂ ನೆಚ್ಚಿರಲಿಲ್ಲ. ಕಸ್ತೂರಿಯ ಬೈಗುಳದಲ್ಲಿ ಗಾದೆ, ಒಗಟು, ಪ್ರಾಸ ಎಲ್ಲವೂ ಇರುತ್ತಿದ್ದವು. ನಿವೃತ್ತ ಕನ್ನಡ ಶಿಕ್ಷಕರಾದ ಸಿಂದಗಿ ಮಾಸ್ತರರು ಆಯ್ದ ಕೆಲವನ್ನು ವಹಿಯಲ್ಲಿ ಬರೆದಿಟ್ಟುಕೊಂಡಿದ್ದರು. ಆದರೆ ಬೈಯುವ, ಬೈಸಿಕೊಳ್ಳುವ ಇಬ್ಬರಿಗೆ ಅದು ಮನರಂಜನೆಯಾಗಿರಲಿಲ್ಲ. ವಿಚ್ಛೇದನದ ಅರ್ಜಿ ಕುಟುಂಬ ನ್ಯಾಯಾಲಯಕ್ಕೆ ಹೋಗಿತ್ತು. ಒಂದು ವರ್ಷ "ಅಗಳಿ" ಹಾಕಿಕೊಂಡು ಬಾಳಿ ನೋಡಿ, ಆಮೇಲೂ ಬೇಡವೆನಿಸಿದರೆ ಬನ್ನಿ, ಎಂದು ನ್ಯಾಯಾಧೀಶರು ಕಳಿಸಿದ್ದರು.

ಅಗಳಿಯನ್ನು ರೂಪಿಸಿದವರು ಭಾಷಾ ಮನೋವಿಜ್ಞಾನಿ ಡಾ. ತಾರಾಮತಿ ಬೆಳವಡಿ. ಅದರ ತತ್ತ್ವ ಸರಳವಾದದ್ದು. ತಾಯಿನುಡಿಯನ್ನು ಯಾರೂ ಪುಸ್ತಕದಿಂದ ಕಲಿಯುವುದಿಲ್ಲ. ಮುದ್ದಿನ ಜೊತೆಗೆ, ಏಟಿನ ಜೊತೆಗೆ, ಹಸಿವಿನ ಜೊತೆಗೆ ಕಲಿಯುತ್ತಾರೆ. ಆದ್ದರಿಂದ ಅದರ ಒಂದೊಂದು ಪದವೂ ಎದೆಬಡಿತಕ್ಕೆ ಗಂಟು ಹಾಕಿಕೊಂಡಿರುತ್ತದೆ. "ನಾಚಿಕೆಗೇಡಿ" ಎಂಬ ಪದ ಕಿವಿಗೆ ಬಿದ್ದರೆ ಅಂಗೈ ಬೆವರುತ್ತದೆ. ದೊಡ್ಡವರಾದ ಮೇಲೆ ಕಲಿತ ಎರಡನೆಯ ಭಾಷೆಯಲ್ಲಿ ಅದೇ ಪದ ಬಂದರೆ ಅರ್ಥವಾಗುತ್ತದೆ, ಆದರೆ ಅಂಗೈ ಒಣಗಿಯೇ ಇರುತ್ತದೆ. ಪದಕ್ಕಿರುವ ಈ ಮೊನೆಗೆ ಡಾ. ತಾರಾಮತಿ "ಕುಟುಕು" ಎಂದು ಹೆಸರಿಟ್ಟಿದ್ದರು. ಸಿಟ್ಟು ನೆತ್ತಿಗೇರಿದ್ದನ್ನು ಗುರುತಿಸಿ ತಾಯಿನುಡಿಯ ಬಾಗಿಲಿಗೆ ಅಗಳಿ ಜಡಿಯುವುದು, ಎರಡನೆಯ ಭಾಷೆಯ ಬಾಗಿಲನ್ನು ಮಾತ್ರ ತೆರೆದಿಡುವುದು, ಇಷ್ಟೇ ಯಂತ್ರದ ಕೆಲಸ. ಕುಟುಕಿಲ್ಲದ ಭಾಷೆಯಲ್ಲಿ, ವ್ಯಾಕರಣ ಹುಡುಕಿಕೊಂಡು, ಯಾರಾದರೂ ಎಷ್ಟು ಹೊತ್ತು ಜಗಳವಾಡಿಯಾರು?

ಫಿನ್ನಿಷ್ ಭಾಷೆಯೇ ಯಾಕೆ ಎಂದರೆ, ಹಿಂದಿ, ಮರಾಠಿ, ತೆಲುಗು, ಇಂಗ್ಲಿಷುಗಳಲ್ಲಿ ಬೈಗುಳ ಬಾರದವರು ಬೆಟಗೇರಿಯಲ್ಲಿ ಯಾರೂ ಇರಲಿಲ್ಲ. ಆ ಊರಿನಲ್ಲಿ ಯಾರೂ ಯಾರನ್ನೂ ಬೈದಿರದ ಭಾಷೆಯೊಂದು ಬೇಕಾಗಿತ್ತು. ಹಿಂದೊಮ್ಮೆ ಫಿನ್ಲೆಂಡಿಗೆ ಹೊರಟು, ಕೊನೆಗೆ ಹೋಗದೆ ಉಳಿದ ನರ್ಸುಗಳಿಗೆಂದು ಅಚ್ಚು ಹಾಕಿಸಿದ ಮುನ್ನೂರು ಪಾಠಪುಸ್ತಕಗಳು ವಿಶ್ವವಿದ್ಯಾಲಯದ ಉಗ್ರಾಣದಲ್ಲಿ ಗೆದ್ದಲಿಗೆ ಕಾಯುತ್ತಿದ್ದವು. ವಿಜ್ಞಾನದ ಅನೇಕ ನಿರ್ಧಾರಗಳು ಹೀಗೆಯೇ ಆಗುತ್ತವೆ.

ಇನ್ನೊಂದು ಸಂಗತಿ. ಆ ಕಾಲಕ್ಕೆ ಕಿವಿಯೊಳಗೆ "ದುಭಾಷಿ" ಇಲ್ಲದ ಮನುಷ್ಯರಿರಲಿಲ್ಲ. ಯಾರು ಯಾವ ಭಾಷೆಯಲ್ಲಿ ಮಾತಾಡಿದರೂ ಅದು ಕನ್ನಡದಲ್ಲಿ ಪಿಸುಗುಟ್ಟುತ್ತಿತ್ತು. ಗಂಡ ಹೆಂಡತಿ ಫಿನ್ನಿಷ್‌ನಲ್ಲಿ ಬೈದಾಡಿದ್ದು ಕನ್ನಡವಾಗಿ ಕಿವಿ ಹೊಕ್ಕರೆ ಕುಟುಕು ಹಿತ್ತಲ ಬಾಗಿಲಿನಿಂದ ಬಂದಂತೆಯೇ. ಆದ್ದರಿಂದ ಅಗಳಿ ಕಾದಾಗಲೆಲ್ಲ ಸುತ್ತಲಿನ ದುಭಾಷಿಗಳು ಮೂಕವಾಗುವಂತೆ ಏರ್ಪಾಡು ಮಾಡಲಾಗಿತ್ತು. ದುಭಾಷಿ ಬಂದ ಮೇಲೆ ಜನ ಭಾಷೆ ಕಲಿಯುವುದನ್ನೇ ಬಿಟ್ಟಿದ್ದರು. ಡಾ. ತಾರಾಮತಿಯವರ ವಿಭಾಗವನ್ನು ಮುಚ್ಚುವ ಕಡತ ಮೇಜಿನಿಂದ ಮೇಜಿಗೆ ನಡೆಯುತ್ತಿತ್ತು.

ಎಂಟು ದಿನದ ನಂತರ ತಂಗೆವ್ವ ಆ ವಿಭಾಗದ ಬಾಗಿಲಲ್ಲಿ ನಿಂತಳು. ವಯಸ್ಸು ಎಪ್ಪತ್ತೊಂದು, ಕಣ್ಣಲ್ಲಿ ಕೆಂಡ.

"ಬಾಯಾರ, ಆ ಗುರುಸಿದ್ದ ದಿನಾ ಹೆಣ್ತಿಗೆ ಕುಲಟೆ ಅಂತಾನ. ಓಣ್ಯಾಗ ನಿಂತು ಅಂತಾನ. ಇದನ್ನೇನ ನೀವು ಅವಗ ಕಲಿಸಿದ್ದು?"

ಡಾ. ತಾರಾಮತಿ ನಕ್ಕರು. "ಕುಲಟೆ ಅಲ್ಲಬೇ ಅಮ್ಮಾ, ಕುಲ್ತಾ. ಬಂಗಾರ ಅಂತ ಅರ್ಥ. ಆ ಕಡೆ ಗಂಡ ಹೆಂಡತಿನ್ನ ಪ್ರೀತಿಲೆ ಹಂಗ ಕರೀತಾನ."

"ಜಗಳದಾಗ ಯಾಕ ಪ್ರೀತಿ ಮಾಡ್ತಾನ?"

"ನಾ ಅವರಿಗೆ ಕೊಟ್ಟ ಪುಸ್ತಕದ ಮೊದಲನೇ ಪಾಠದಾಗ ಗಂಡ ಹೆಂಡತಿಗೆ 'ನಮಸ್ಕಾರ, ಬಂಗಾರಾ' ಅಂತಾನ. ಹೆಂಡತಿ ಅನ್ನೂದಕ್ಕ ಅದ ಶಬ್ದ ಅಂತ ಇವ ತಿಳಕೊಂಡಾನ."

ತಂಗೆವ್ವ ಬಿಡಲಿಲ್ಲ. "ಆಕಿ ಅವಗ ಹುಲ್ಲು, ಹುಲ್ಲು ಅಂತಾಳಲ್ಲ?"

"ಹುಲ್ಲು ಅಂದರ ಹುಚ್ಚ."

"ಅಯ್ಯ ನಮ್ಮವ್ವ! ಹಂಗಾರ ಛಲೋನ ಬೈಲಿಕತ್ತಾಳ!" ಮುದುಕಿಯ ಮುಖ ಅರಳಿತು. "ಆ ಪುಸ್ತಕಾ ನನಗೊಂದು ಕೊಡ್ರಿ."

"ಅಮ್ಮಾ, ಇಪ್ಪತ್ತು ವರ್ಷ ನಾ ಇದನ್ನ ಅಭ್ಯಾಸ ಮಾಡೇನಿ," ಎಂದರು ಡಾ. ತಾರಾಮತಿ, ದಣಿದ ದನಿಯಲ್ಲಿ. "ದೊಡ್ಡವರಿಗೆ ಭಾಷಾ ಹತ್ತೂದಿಲ್ಲ. ತಪ್ಪು ಮಾತಾಡಿದರ ಮಂದಿ ನಗತಾರ ಅಂತ ನಾಚಿಕಿ. ಕಲತು ಏನ ಮಾಡೂದೈತಿ ಅನ್ನೂ ಆಲಸ್ಯ. ಮಿದುಳಿಗೆ ವಿದ್ಯುತ್ ಕೊಟ್ಟು ನೋಡಿದೆ, ನಿದ್ದಿಯೊಳಗ ಪಾಠ ಕೇಳಿಸಿ ನೋಡಿದೆ. ಒಬ್ಬರೂ ಎರಡನೇ ಪಾಠ ದಾಟಲಿಲ್ಲ."

"ನಾಚಿಕಿ ನಮ್ಮ ಮನಿತನದಾಗ ಇಲ್ರಿ," ಎಂದಳು ತಂಗೆವ್ವ. "ನೀವು ಪುಸ್ತಕಾ ಕೊಡ್ರಿ."

ಅದುವರೆಗೆ ಯಾರೂ ಕೇಳಿರದ ಪುಸ್ತಕವಾದ್ದರಿಂದ ಡಾ. ತಾರಾಮತಿ ಆರು ಪ್ರತಿ ಕೊಟ್ಟರು. ಕೊಟ್ಟದ್ದನ್ನು ಮರೆತರು.

ಮಾರನೆಯ ದಿನದಿಂದ ಮಧ್ಯಾಹ್ನ ಮೂರಕ್ಕೆ, ಕಸ್ತೂರಿ ಮತ್ತು ಗುರುಸಿದ್ದ ಹತ್ತಿ ಬಡಿಯುವ ಸಪ್ಪಳದಲ್ಲಿ ಮುಳುಗಿರುವಾಗ, ಸಿಂದಗಿ ಮಾಸ್ತರರ ಪಡಸಾಲೆಯಲ್ಲಿ ಶಾಲೆ ಶುರುವಾಯಿತು. ಈ ಭಾಷೆಯಲ್ಲಿ ಹದಿನೈದು ವಿಭಕ್ತಿಗಳಿವೆ ಎಂದು ತಿಳಿದ ದಿನ ಮಾಸ್ತರರು ಊಟ ಮಾಡಲಿಲ್ಲ, ಸಂತೋಷಕ್ಕೆ ಹಸಿವಾಗಲಿಲ್ಲ. "ಮನಿಯೊಳಗ ಅನ್ನಾಕ ಒಂದು, ಮನಿಯೊಳಗಿಂದ ಅನ್ನಾಕ ಒಂದು, ಮನಿಯೊಳಕ್ಕ ಅನ್ನಾಕ ಇನ್ನೊಂದು! ಎಂಥಾ ಶಿಸ್ತಿನ ಮಂದಿ ಅದಾರ ನೋಡ್ರಿ!" ತಾಯಿಗೆ ಅಲ್ಲಿ "ಆ್ಯಯ್ತಿ" ಎನ್ನುತ್ತಾರೆಂದು ಕೇಳಿ ತಂಗೆವ್ವ, "ನಮ್ಮ ಆಯೀನ ಅಲ್ಲಿಗೆ ಹೋಗಿ ಹೆಸರು ಕೆಡಿಸಿಕೊಂಡಾಳ," ಎಂದಳು.

ಒಂದು ಕಟ್ಟಳೆ ಮಾತ್ರ ಬಿಗಿಯಾಗಿತ್ತು. ಈ ಶಾಲೆಯ ಸುದ್ದಿ ಗಾದಿ ಅಂಗಡಿಗೆ ತಿಳಿಯಕೂಡದು. ತಿಳಿದರೆ ಅವರಿಬ್ಬರೂ ಬಾಗಿಲು ಹಾಕಿಕೊಂಡು ಜಗಳವಾಡುತ್ತಾರೆ, ಕಲಿತದ್ದೆಲ್ಲ ದಂಡ.

ವಿಜ್ಞಾನ ಇಪ್ಪತ್ತು ವರ್ಷದಲ್ಲಿ ಮಾಡಲಾಗದ್ದನ್ನು ಚಾಡಿಯ ಹಂಬಲ ಏಳು ತಿಂಗಳಲ್ಲಿ ಮಾಡಿತು. ಮಧ್ಯಾಹ್ನ ಓದಿದ್ದು ಸಂಜೆ ಕಣ್ಣೆದುರು ನಡೆಯುತ್ತಿತ್ತು. "ಎಸೆ" ಎಂಬ ಕ್ರಿಯಾಪದ ಬಂದ ದಿನ ತಂಬಿಗೆ ಹಾರಿಬರುತ್ತಿತ್ತು, ಮರೆಯುವುದು ಹೇಗೆ? ಗೊತ್ತಿಲ್ಲದ ಪದವನ್ನು ಮುಖ ನೋಡಿ ಊಹಿಸುತ್ತಿದ್ದರು, ಊಹೆ ತಪ್ಪಾದರೆ ಪಕ್ಕದವರು ತಿದ್ದುತ್ತಿದ್ದರು, ಪಕ್ಕದವರ ಮುಂದೆ ಯಾರಿಗೂ ಸಂಕೋಚವಿರಲಿಲ್ಲ. ಅತ್ತ ದಂಪತಿಗಳ ಫಿನ್ನಿಷ್ ಕೂಡ ಬೆಳೆಯಿತು. ಕಸ್ತೂರಿ ಮೊದಲ ಬಾರಿ ಪ್ರಾಸ ಕೂಡಿಸಿ ಬೈದ ಸಂಜೆ ಕಟ್ಟೆಯ ಮೇಲೆ ಹೆಂಗಸರು ಸೆರಗು ಕಚ್ಚಿಕೊಂಡು ನಗು ನುಂಗಿದರು. ಮಾಸ್ತರರು ಮಾತ್ರ, "ಪ್ರಾಸ ಛಲೋ ಐತಿ, ವಿಭಕ್ತಿ ತಪ್ಪ್ಯಾಳ," ಎಂದು ಪಿಸುಗುಟ್ಟಿದರು.

ಹೀಗಿರುವಾಗ ಮದುವೆಯ ಹಂಗಾಮು ಬಂತು. ಸಂಜೆಯೊಳಗೆ ಹದಿನಾಲ್ಕು ಗಾದಿಗಳು ಹೋಗಬೇಕಾಗಿದ್ದ ಒಂದು ದಿನ, ಊಟದ ಹೊತ್ತಿಗೆ ಮುಂಡರಗಿಯಿಂದ ಕಸ್ತೂರಿಯ ತಂಗಿಯ ಫೋನು ಬಂತು. ನನಗೆ ನಾಲ್ಕು ದಿನದಿಂದ ಜ್ವರ, ಒಮ್ಮೆ ಬಂದು ಹೋಗು, ಎಂದಳು. ಗುರುಸಿದ್ದ ಸೂಜಿಯಿಂದ ತಲೆಯೆತ್ತದೆ, ಮನಸ್ಸಿನಲ್ಲಿ ಏನೂ ಇಲ್ಲದೆ, "ನಾಳಿ ಹೋಗಿಯಂತ" ಎಂದ.

ಕಸ್ತೂರಿಯ ಕಿವಿಯ ಹಿಂದೆ ಅಗಳಿ ಕಾಯಿತು. ಅವಳು ನಿಂತ ರೀತಿ ನೋಡಿಯೇ ಓಣಿಯ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಕಟ್ಟೆಗೆ ಬಂದು ಕೂತರು. ಆದರೆ ಅವಳು ಕೋಲು ಎತ್ತಲಿಲ್ಲ, ಕೂಗಲಿಲ್ಲ. ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ ಹೇಳಿದಳು.

"ಆ್ಯಯ್ತಿ ಕುವೊಲಿ. ಸಿನ್ಯಾ ಸನೊಯಿತ್: ಹುವೊಮೆನ್ನ."

ಅವ್ವ ಸತ್ತಳು. ನೀನು ಹೇಳಿದೆ: ನಾಳೆ.

ಹನ್ನೊಂದು ವರ್ಷದ ಹಿಂದೆಯೂ ಹೀಗೆಯೇ ಮದುವೆಯ ಗಾದಿಗಳಿದ್ದವು, ಅವ್ವನಿಗೆ ಹುಷಾರಿಲ್ಲವೆಂದು ಹೀಗೆಯೇ ಮುಂಡರಗಿಯಿಂದ ಫೋನು ಬಂದಿತ್ತು. ನಾಳೆ ಹೋಗು ಎಂದಿದ್ದ ಗುರುಸಿದ್ದ. ಆ ನಾಳೆಗೆ ಅವಳು ಹೋಗುವಷ್ಟರಲ್ಲಿ ಮಣ್ಣಾಗಿ ಎಲ್ಲರೂ ಹಿಂದಿರುಗುತ್ತಿದ್ದರು. ಮುಖ ನೋಡಲು ಸಿಗಲಿಲ್ಲ. ಅಂದಿನಿಂದ ಅವಳು ಹತ್ತಿಯ ಮೇಲೆ, ದಾರದ ಮೇಲೆ, ಅವನ ಸೋದರಮಾವನ ಮೇಲೆ ಜಗಳ ತೆಗೆದಿದ್ದಳು. ಈ ಮಾತನ್ನು ಮಾತ್ರ ಒಂದು ಸಲವೂ ಆಡಿರಲಿಲ್ಲ. ಕನ್ನಡದಲ್ಲಿ ಅವ್ವ ಎಂದರೆ ಗಂಟಲು ಕಟ್ಟುತ್ತಿತ್ತು. ಆ್ಯಯ್ತಿ ಎಂದರೆ ಕಟ್ಟಲಿಲ್ಲ. ಅದು ಪುಸ್ತಕದ ನಾಲ್ಕನೆಯ ಪಾಠದ ಪದವಷ್ಟೇ ಆಗಿತ್ತು.

ಗುರುಸಿದ್ದ ಸೂಜಿ ಕೆಳಗಿಟ್ಟ. "ಮಿನ್ಯಾ ತಿಯೆದ್ಯಾನ್," ಎಂದ. ನನಗೆ ಗೊತ್ತು. ಮತ್ತೆ ಪದ ಹುಡುಕಿ ಸೇರಿಸಿದ: "ಯೊಕ ಪ್ಯಾಯ್ವ್ಯಾ." ಪ್ರತಿ ದಿನ.

ಕಟ್ಟೆಯ ಮೇಲೆ ಯಾರೂ ಯಾರಿಗೂ ಅರ್ಥ ಹೇಳಲಿಲ್ಲ. ಮಾಸ್ತರರು ವಿಭಕ್ತಿಯ ಮಾತೆತ್ತಲಿಲ್ಲ. ತಂಗೆವ್ವ ಶೇಂಗಾದ ಮೊರ ಎತ್ತಿಕೊಂಡು, ಮಾಡಬಾರದ ಕಳ್ಳತನ ಮಾಡಿ ಸಿಕ್ಕಿಬಿದ್ದವಳಂತೆ ತಲೆತಗ್ಗಿಸಿ ಒಳಗೆ ನಡೆದಳು. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಗಂಡ ಹೆಂಡತಿ ಅಂಗಡಿಯನ್ನು ತೆರೆದಂತೆಯೇ ಬಿಟ್ಟು, ಚಾಲಕನಿಲ್ಲದ ಟಂಟಂ ಹತ್ತಿ ಮುಂಡರಗಿಗೆ ಹೋದರು. ಸಂಜೆ ಮದುವೆಯವರು ಬಂದಾಗ ಹದಿನಾಲ್ಕು ಗಾದಿಗಳೂ ಹೊಲಿದು ಸಿದ್ಧವಾಗಿದ್ದವು. ಐದು ಸೊಟ್ಟಗಿದ್ದವು. ಹೊಲಿದವರು ಯಾರೆಂದು ಕಸ್ತೂರಿ ಮರುದಿನ ಕೇಳಿದಾಗ, "ಮದವಿ ಮಂದಿ ಬಂದು ಒದರ್‍ತಾರ, ತಲಿ ನೋಯ್ತೈತಿ ಅಂತ ಹೊಲದ್ವಿ," ಎಂದಳು ತಂಗೆವ್ವ.

ವರ್ಷ ತುಂಬುವ ಮೊದಲೇ ಇಬ್ಬರೂ ಅರ್ಜಿಯನ್ನು ಹಿಂದಕ್ಕೆ ಪಡೆದರು. ಅಗಳಿ ಒಪ್ಪಿಸಲು ಹೋದ ಕಸ್ತೂರಿ ಡಾ. ತಾರಾಮತಿಯವರಿಗೆ ಎಲ್ಲವನ್ನೂ ಹೇಳಿದಳು. "ಓಣ್ಯಾಗ ಯಾರಿಗೂ ತಿಳಿಯೂದಿಲ್ಲ ಅಂತ ಧೈರ್ಯಾ ಬಂತ್ರಿ ಬಾಯಾರ. ಒಬ್ಬರಿಗೆ ತಿಳೀತೈತಿ ಅಂತ ಗೊತ್ತಿದ್ರೂ ಆ ಮಾತು ನನ್ನ ಜೋಡಿನ ಮಣ್ಣಿಗೆ ಹೋಗತಿತ್ತು."

ಅದೇ ತಿಂಗಳು ವಿಭಾಗದ ಕಡತ ಕೊನೆಯ ಮೇಜಿಗೆ ಬಂದಿತ್ತು. ದುಭಾಷಿಯ ನೆರವಿಲ್ಲದೆ, ತಾವಾಗಿ ಬಯಸಿ ಭಾಷೆ ಕಲಿತ ಹತ್ತು ಜನ ವಯಸ್ಕರನ್ನಾದರೂ ತೋರಿಸಿ, ಇಲ್ಲವೇ ಬಾಗಿಲು ಮುಚ್ಚಿ, ಎಂದು ಅದರಲ್ಲಿ ಬರೆದಿತ್ತು. ಆಗ ಡಾ. ತಾರಾಮತಿಯವರಿಗೆ ತಾವು ಕೊಟ್ಟ ಆರು ಪುಸ್ತಕಗಳ ನೆನಪಾಯಿತು. ಅವರು ಗಾದಿ ಓಣಿಗೆ ಬಂದರು.

"ಪುಸ್ತಕಾ? ಇಲಿ ತಿಂದ್ವು," ಎಂದಳು ತಂಗೆವ್ವ, ಶೇಂಗಾದಿಂದ ಕಣ್ಣೆತ್ತದೆ.

"ನಮಗ ಎಲ್ಲಿ ಹತ್ತತೈತ್ರಿ ಅದು," ಎಂದರು ಸಿಂದಗಿ ಮಾಸ್ತರರು. ಆ ಸುಳ್ಳು ಹೇಳುವಾಗ ಅವರಿಗೆ ಆದ ಸಂಕಟ ಅವರಿಗೇ ಗೊತ್ತು.

ಚಹಾ ತಂದ ಕಸ್ತೂರಿ ಎಲ್ಲರ ಎದುರಿಗೇ ನಕ್ಕಳು. "ಇವರನ್ನೇನ ಕೇಳ್ತೀರಿ ಬಾಯಾರ! ಒಂದು ವರ್ಷ ಬಾಯಿ ತಕ್ಕೊಂಡು ನಮ್ಮ ಮಾರಿ ನೋಡಿದ್ದ ಬಂತು. ಒಂದು ಅಕ್ಷರಾ ತಿಳಿಲಿಲ್ಲ ಪಾಪ."

ಓಣಿಯವರೆಲ್ಲ ಹೌದೆಂದು ತಲೆಯಾಡಿಸಿದರು. ತುಸು ಹೆಚ್ಚೇ ಆಡಿಸಿದರು.

ಡಾ. ತಾರಾಮತಿ ವಿಜ್ಞಾನಿ, ಪ್ರಯೋಗ ಮಾಡದೆ ಯಾವುದನ್ನೂ ಒಪ್ಪುವವರಲ್ಲ. ಕಸ್ತೂರಿ ಕಪ್ಪುಗಳನ್ನು ತೆಗೆದುಕೊಂಡು ಒಳಗೆ ಹೋಗುವವರೆಗೆ ಕಾದರು. ದುಭಾಷಿಗಳು ಬಾಯಿ ಹಾಕದಿರಲೆಂದು ಚೀಲದಲ್ಲಿದ್ದ ಅಗಳಿಯೊಂದನ್ನು ಚಾಲೂ ಮಾಡಿದರು. ಆಮೇಲೆ ತಂಗೆವ್ವನ ಕಡೆ ತಿರುಗಿ, ಹವೆಯ ಬಗ್ಗೆ ಮಾತಾಡುವಷ್ಟು ಸಹಜವಾಗಿ ಹೇಳಿದರು:

"ತಕನಸಿ ಓನ್ ಕ್ಯಾರ್ಮೆ."

ನಿನ್ನ ಬೆನ್ನ ಹಿಂದೆ ಹಾವಿದೆ.

ತಂಗೆವ್ವ ತಿರುಗಲಿಲ್ಲ. ಕೈ ಶೇಂಗಾ ಸುಲಿಯುತ್ತಲೇ ಇತ್ತು. ಕಾಳು ನೆಲಕ್ಕೆ ಬೀಳುತ್ತಿತ್ತು, ಸಿಪ್ಪೆ ಮೊರಕ್ಕೆ. ಕಾಲಿನ ಹತ್ತೂ ಬೆರಳುಗಳು ಮಡಚಿಕೊಂಡಿದ್ದವು. ಹಣೆಯಿಂದ ಬೆವರಿನ ಹನಿಯೊಂದು ಮೂಗಿನ ತುದಿಗಿಳಿದು ಅಲ್ಲಿ ತೂಗಾಡಿತು. ಕಟ್ಟೆಯ ಮೇಲಿದ್ದ ಉಳಿದ ಹನ್ನೆರಡು ಜನ ಉಸಿರು ಬಿಗಿಹಿಡಿದು, ಮುಖದಲ್ಲಿ ಏನೂ ಇಲ್ಲದೆ, ಆಕಾಶ ನೋಡುತ್ತಿದ್ದರು.

"ಏನಂದ್ರಿ ಬಾಯಾರ?" ಎಂದಳು ತಂಗೆವ್ವ. "ನಮಗ ತಿಳಿಲಿಲ್ಲ."

ಡಾ. ತಾರಾಮತಿ ಆ ಬೆರಳುಗಳನ್ನು ನೋಡಿದರು, ಗಾದಿ ಅಂಗಡಿಯ ಒಳಗೆ ಕಪ್ಪು ತೊಳೆಯುತ್ತಿದ್ದ ಸದ್ದನ್ನು ಕೇಳಿದರು. ಬಯಸಿ ಕಲಿತ ಹದಿಮೂರು ಜನ ವಯಸ್ಕರು ಎದುರಿಗಿದ್ದರು. ಅವರು ವರದಿಯ ಹಾಳೆ ತೆಗೆದು, "ಫಿನ್ನಿಷ್ ಬಲ್ಲವರು" ಎಂಬ ಅಂಕಣದಲ್ಲಿ ದಂಪತಿಗಳ ಹೆಸರು ಬರೆದು, ಅದರ ಕೆಳಗೆ "ಬೇರೆ ಯಾರೂ ಇಲ್ಲ" ಎಂದು ಸ್ಪಷ್ಟವಾದ ಅಕ್ಷರದಲ್ಲಿ ತುಂಬಿ ಸಹಿ ಮಾಡಿದರು.

"ಏನಿಲ್ಲ ಬಿಡ್ರಿ ಅಮ್ಮಾ," ಎಂದು ಎದ್ದರು. "ಆರಾಮ ಇರ್ರಿ ಅಂದೆ."

ಅವರ ಟಂಟಂ ಓಣಿಯ ತಿರುವು ದಾಟುವವರೆಗೂ ತಂಗೆವ್ವ ಕದಲಲಿಲ್ಲ. ದಾಟಿದ ಮೇಲೆ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಕಟ್ಟೆಯಿಂದ ಒಂದೇ ಜಿಗಿತಕ್ಕೆ ನಡುಬೀದಿಗೆ ಬಂದು ಬಿದ್ದಳು.